ಹೊರದೇಶದ ಓದು: 1942ರ ಬೇಡಿಕೆ ಎಲ್ಲಿಗೆ ಬಂತು?

1942ರ ಅಕ್ಟೋಬರ್‌ನಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ದೆಹಲಿಯಲ್ಲಿ ವೈಸರಾಯ್ ಲಿನ್ಲಿತ್‌ಗೊ ಅವರಿಗೆ ಒಂದು ಮನವಿಪತ್ರ ಸಲ್ಲಿಸಿದರು. ಆಗವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ಪರಿಶಿಷ್ಟ ಜಾತಿಗಳ ಕುಂದುಕೊರತೆಗಳನ್ನು ಹೇಳುವ ಆ ಪತ್ರದಲ್ಲಿ ಉದ್ಯೋಗದ ಮಾತಿನ ಜೊತೆಗೇ ಇನ್ನೊಂದು ಬೇಡಿಕೆಯಿತ್ತು: ಈ ಸಮುದಾಯದ ಮಕ್ಕಳು ಇಂಗ್ಲೆಂಡ್, ಯುರೋಪ್, ಅಮೆರಿಕಗಳಲ್ಲಿ ಓದಲು ಸರ್ಕಾರ ವರ್ಷಕ್ಕೆ 1 ಲಕ್ಷ ರೂಪಾಯಿ ಕೊಡಬೇಕು.

ಅಂಬೇಡ್ಕರರ ಬದುಕೇ ಆ ಬೇಡಿಕೆಗೆ ಆಧಾರ. ಬರೋಡಾದ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದ್ದ ಅಂಬೇಡ್ಕರ್, 1917ರಲ್ಲಿ ಆ ನೆರವಿನ ಅವಧಿ ಮುಗಿದಾಗ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಮತ್ತೆ ಹೊರಡಲು 1920ರವರೆಗೆ ಕಾಯಬೇಕಾಯಿತು. ಆಗಲೂ ಕೂಡಿಟ್ಟ ಸಂಬಳ, ಸ್ನೇಹಿತನ ಸಾಲ, ಕೊಲ್ಹಾಪುರದ ಶಾಹು ಮಹಾರಾಜರ ಸಹಾಯ ಎಲ್ಲ ಸೇರಬೇಕಾಯಿತು. ಅಷ್ಟು ದೊಡ್ಡ ಪ್ರತಿಭೆಯನ್ನೂ ಹಣವೊಂದೇ ಮೂರು ವರ್ಷ ತಡೆದು ನಿಲ್ಲಿಸಿತ್ತು.

ಸ್ವಾತಂತ್ರ್ಯದ ನಂತರ, 1954–55ರಲ್ಲಿ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಶುರುವಾಯಿತು. ಇಂದು ಅದನ್ನು ನಡೆಸುವುದು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯ. ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನ. 115 ಪರಿಶಿಷ್ಟ ಜಾತಿಯವರಿಗೆ, ಉಳಿದವು ಅಲೆಮಾರಿ ಸಮುದಾಯಗಳಿಗೆ, ಭೂಹೀನ ಕೂಲಿಕಾರರ ಮತ್ತು ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ವರಮಾನ ವರ್ಷಕ್ಕೆ 8 ಲಕ್ಷ ಮೀರಬಾರದು. ಆಯ್ಕೆಯಾದವರ ಶುಲ್ಕ, ವಿಮಾನದ ಖರ್ಚು, ಜೀವನ ಭತ್ಯೆ ಎಲ್ಲವೂ ಸರ್ಕಾರದ್ದೇ.

ಯೋಜನೆ ಒಳ್ಳೆಯದು. ಆದರೆ 2022ರಲ್ಲಿ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜ ಕುರಿತ ವಿಷಯಗಳಿಗೆ ಈ ನೆರವಿಲ್ಲ ಎಂಬ ನಿಯಮ ಬಂತು. ವಿದ್ಯಾರ್ಥಿಗಳೂ ಅಧ್ಯಾಪಕರೂ ಪ್ರತಿಭಟಿಸಿದರು. ಅವರು ಪ್ರತಿಭಟಿಸಿದ್ದು ಸರಿ. ಜಾತಿಯನ್ನು ಬಾಳಿ ಬಲ್ಲವರೇ ಅದನ್ನು ಅಧ್ಯಯನ ಮಾಡಬಾರದು ಎಂಬ ನಿಯಮಕ್ಕೆ ಸಮರ್ಥನೆಯಿಲ್ಲ. ಹಣದ ತೊಡಕೂ ಇದೆ: 2025ರಲ್ಲಿ ಆಯ್ಕೆಯಾದ 106 ಜನರ ಪೈಕಿ ಮೊದಲಿಗೆ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ. ಉಳಿದವರಿಗೆ ಬಂದ ಉತ್ತರ: ಹಣ ಲಭ್ಯವಾದರೆ. ವಿದೇಶದ ತರಗತಿಗಳು ಸೆಪ್ಟೆಂಬರ್ ಹೊತ್ತಿಗೆ ಶುರುವಾಗುತ್ತವೆ, ನಮ್ಮ ಕಡತಕ್ಕಾಗಿ ಅವು ಕಾಯುವುದಿಲ್ಲ.

  

ಕೇಳಬೇಕಾದ್ದು ಎರಡೇ: ಪೂರ್ತಿ ಹಣ ಬಜೆಟ್‌ನಲ್ಲೇ ಇರಲಿ, ಮಂಜೂರಾತಿ ತರಗತಿ ಶುರುವಾಗುವ ಮೊದಲೇ ಬರಲಿ. ನಿಮ್ಮ ಸಂಸದರಿಗೆ ಒಂದು ಪತ್ರ ಬರೆಯಿರಿ. ಪದವಿಯಲ್ಲಿ ಶೇ. 60 ಅಂಕವಿರುವ, 35 ವರ್ಷ ದಾಟದ ಅರ್ಹರು ನಿಮ್ಮೂರಿನಲ್ಲಿದ್ದರೆ ಈ ಯೋಜನೆಯ ಹೆಸರನ್ನು ಅವರಿಗೆ ಇಂದೇ ತಿಳಿಸಿ.