ಸಾರುವೆ ಬಿಚ್ಚಿದ ಮೇಲೆ

ಇಟ್ಟಿಗೆ ಮತ್ತು ಸುಣ್ಣದಿಂದ ಕಟ್ಟಿದ ಹಳೆಯ ಕಟ್ಟಡವು ಕಲ್ಲಿನ ಕಟ್ಟಡದಂತೆ ತನ್ನ ಪಾಡಿಗೆ ತಾನು ನಿಲ್ಲುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಅದಕ್ಕೆ ಕೈಯಾಸರೆ ಬೇಕಾಗುತ್ತದೆ. ಚಾಮರಾಜನಗರ ತಾಲ್ಲೂಕಿನ ನರಸಮಂಗಲದಲ್ಲಿರುವ ಗಂಗರ ಕಾಲದ ರಾಮೇಶ್ವರ ದೇವಾಲಯವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದ್ದು, ಅದರ ವಿಮಾನವನ್ನು, ಎಂದರೆ ಗರ್ಭಗುಡಿಯ ಮೇಲಣ ಶಿಖರಭಾಗವನ್ನು, ಇಟ್ಟಿಗೆಯಲ್ಲಿ ಕಟ್ಟಿ ಅದರ ಮೇಲೆ ದೇವತೆಗಳ ಆಕೃತಿಗಳನ್ನು ಗಾರೆಯಲ್ಲಿ ಮೂಡಿಸಲಾಗಿದೆ. ಕರ್ನಾಟಕದಲ್ಲಿ ಅಷ್ಟು ಹಿಂದಿನ ಗಾರೆ ಶಿಲ್ಪಗಳು ಉಳಿದಿರುವುದು ತೀರ ವಿರಳ. ಅಲ್ಲಿಯ ಸಪ್ತಮಾತೃಕೆಯರ ಕಲ್ಲಿನ ವಿಗ್ರಹಗಳನ್ನು ಕಲಾಚರಿತ್ರೆಕಾರರು ಹೊಗಳಿದ್ದಾರಾದರೂ, ಆ ಗುಡಿಯನ್ನು ಗುಡಿಯಾಗಿ ಉಳಿಸಿರುವುದು ಸುಣ್ಣ ಕಲಸಿದ ಹೆಸರಿಲ್ಲದ ಕೈಗಳ ಕೆಲಸವೆಂಬುದನ್ನು ಮರೆಯಲಾಗದು.

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಪರಂಪರೆ ಒಂದೇ ಕಾಲದ್ದಲ್ಲ. ಹಳೆ ಆಲೂರಿನ ಅರ್ಕೇಶ್ವರ ದೇವಾಲಯ, ವಿಜಯನಗರದ ಅರಸರನ್ನೇ ಎದುರುಹಾಕಿಕೊಂಡಿದ್ದ ಪಾಳೆಯಗಾರರ ಉಮ್ಮತ್ತೂರು, ತೋಂಟದ ಸಿದ್ಧಲಿಂಗರ ಹುಟ್ಟೂರೆನಿಸಿದ ಹರದನಹಳ್ಳಿ, ಒಂದು ಕಾಲಕ್ಕೆ ರಾಜಧಾನಿಯಾಗಿದ್ದು ಈಗ ಸಂತೆಯ ಊರಾಗಿ ಉಳಿದಿರುವ ತೆರಕಣಾಂಬಿ, ಇವೆಲ್ಲ ಒಂದೊಂದು ಪದರ. ಅರಿಕುಠಾರವೆಂಬ ಊರಿಗೆ 1818ರಲ್ಲಿ ತಂದೆಯ ಹೆಸರಿಟ್ಟ ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಅದಕ್ಕೂ ಒಂದೂವರೆ ಶತಮಾನದ ಹಿಂದೆ, ಅರಸನಾಗುವ ಮೊದಲು ಹಂಗಳದಲ್ಲಿ ದಿನ ಕಳೆದಿದ್ದ ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯ ನೆನಪಿಗಾಗಿ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದರು. ಇಬ್ಬರು ಅರಸರು ತಂದೆಯರ ಹೆಸರಿನಲ್ಲಿ ಕಟ್ಟಿಸಿದ ಈ ಎರಡು ಗುಡಿಗಳ ಪಾಡು ಮಾತ್ರ ಬೇರೆ ಬೇರೆಯಾಯಿತು: ಚಾಮರಾಜೇಶ್ವರನಿಗೆ ಪೂಜೆ, ತೇರು, ಜನಸಂದಣಿಗಳು ತಪ್ಪದೆ ಉಳಿದವು, ಪರವಾಸುದೇವನ ಗುಡಿಯಾದರೋ ಬಹುಕಾಲ ಪಾಳುಬಿದ್ದಿತ್ತು. ಈ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ ಅವರು 1898ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಅಚ್ಚು ಮಾಡಿದ್ದರಿಂದ ಓದುಬರಹದ ದಾಖಲೆಗೆ ಇಲ್ಲಿ ಕೊರತೆಯಿಲ್ಲ. ಕೊರತೆಯಿರುವುದು ಕಟ್ಟಡವನ್ನು ಕೈಯಿಂದ ಬಲ್ಲವರಿಗೆ.

ಕಾನೂನಿನ ದೃಷ್ಟಿಯಿಂದ ಇಂಥ ಕಟ್ಟಡಗಳು ಮೂರು ಬಗೆ. ಕೇಂದ್ರದ 1958ರ ಕಾಯಿದೆಯಡಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಗೆ ಒಳಪಟ್ಟವು, ರಾಜ್ಯದ 1961ರ ಕಾಯಿದೆಯಡಿ ರಾಜ್ಯ ಪುರಾತತ್ತ್ವ ಇಲಾಖೆಗೆ ಸೇರಿದವು, ಮತ್ತು ಯಾವ ಪಟ್ಟಿಗೂ ಸೇರದೆ ಊರಿನವರ ಇಲ್ಲವೆ ಮುಜರಾಯಿಯ ಕೈಯಲ್ಲಿ ಉಳಿದವು. ಮುಜರಾಯಿ ಇಲಾಖೆ ವರಮಾನವನ್ನು ನೋಡಿ ದೇವಾಲಯಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದ್ದು, ವರ್ಷಕ್ಕೆ 5 ಲಕ್ಷ ರೂಪಾಯಿಗಿಂತ ಕಡಮೆ ಆದಾಯವುಳ್ಳವೆಲ್ಲ ಸಿ ವರ್ಗಕ್ಕೆ ಬೀಳುತ್ತವೆ. ರಾಜ್ಯದ ಬಹುಪಾಲು ಮುಜರಾಯಿ ಗುಡಿಗಳು ಈ ವರ್ಗದವು. ದೀಪದೆಣ್ಣೆಗೂ ಅರ್ಚಕರ ಸಂಭಾವನೆಗೂ ಸರಕಾರದ ತಸ್ತೀಕನ್ನೇ, ಎಂದರೆ ವಾರ್ಷಿಕ ನಗದು ನೆರವನ್ನೇ, ನೆಚ್ಚಿಕೊಂಡ ಇವುಗಳಿಂದ ತಾರಸಿಯ ದುರಸ್ತಿಯನ್ನು ನಿರೀಕ್ಷಿಸುವಂತಿಲ್ಲ. ಸಮುದಾಯ ಆಧಾರಿತ ಸಂರಕ್ಷಣೆಯೆಂಬ ವಿಚಾರ ಹುಟ್ಟುವುದೇ ಇಂಥ ಗುಡಿಗಳ ಮುಂದೆ.

ಅಂಥ ಸಂರಕ್ಷಣೆಯ ಮುಖ್ಯ ಕಸುಬು ಗಾರೆ. ಸುಣ್ಣಕಲ್ಲನ್ನು ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ, ನೂರು ಕಿಲೋ ಶುದ್ಧ ಕಲ್ಲಿಗೆ ಸುಮಾರು 56 ಕಿಲೋ ಸುಟ್ಟ ಸುಣ್ಣ ದೊರೆಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕಾವೇರಿ, ಹಿಟ್ಟಾಗಿ ಒಡೆಯುವುದನ್ನು ಸುಣ್ಣ ಅರಳುವುದೆನ್ನುತ್ತಾರೆ. ಅರಳಿದ ಸುಣ್ಣವನ್ನು ನೀರಿನಡಿ ಗುಂಡಿಯಲ್ಲಿ ತಿಂಗಳುಗಟ್ಟಲೆ ಇಟ್ಟಷ್ಟೂ ಅದು ನಯವಾಗುತ್ತ ಬೆಣ್ಣೆಯಂತಾಗುತ್ತದೆ. ಒಂದು ಪಾಲು ಸುಣ್ಣಕ್ಕೆ ಎರಡು ಅಥವಾ ಮೂರು ಪಾಲು ಮರಳು ಸೇರಿಸಿ, ನೀರು ತಾಗುವ ಕಡೆಗೆ ಸುಟ್ಟ ಇಟ್ಟಿಗೆಯ ಪುಡಿಯಾದ ಸುರ್ಕಿಯನ್ನೂ ಬೆರೆಸಿ, ಕಲ್ಲಿನ ಚಕ್ರವುಳ್ಳ ಗಾಣದಲ್ಲಿ ಎತ್ತು ಕಟ್ಟಿ ಅರೆಯುವುದು ಹಿಂದಿನ ಕ್ರಮ. ಬಳಿಕ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು, ಕೆಲವೆಡೆ ಬಿಲ್ವದ ಕಾಯಿಯ ತಿರುಳು ಸೇರುತ್ತಿದ್ದವು. ಬೆಲ್ಲವು ಗಾರೆ ಕರಣೆಯಡಿಯಲ್ಲಿ ಹದವಾಗಿ ಹರಡಲು ನೆರವಾಗುತ್ತದೆ. ಅಳಲೆಯ ಒಗರಿನ ಅಂಶ ಅಂಟನ್ನು ಹೆಚ್ಚಿಸುತ್ತದೆಂದು ಕಸುಬುದಾರರು ನಂಬಿಕೊಂಡು ಬಂದಿದ್ದಾರೆ. ಬಳಿದ ಗಾರೆಯು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಸುಣ್ಣಕಲ್ಲೇ ಆಗುತ್ತದೆ. ದಪ್ಪ ಗೋಡೆಯ ಒಳಭಾಗದಲ್ಲಿ ಈ ಕ್ರಿಯೆ ಮುಗಿಯಲು ವರ್ಷಗಳೇ ಹಿಡಿಯುತ್ತವೆ.

ಗಮನಿಸಬೇಕಾದ ಸಂಗತಿಯೆಂದರೆ ಈ ಸಾಮಗ್ರಿಗಳಲ್ಲಿ ಹೊರಗಿನಿಂದ ತರಬೇಕಾದ್ದು ಹೆಚ್ಚೇನೂ ಇಲ್ಲ. ಎರೆಮಣ್ಣಿನ ಹೊಲಗಳಲ್ಲಿ ಸಿಗುವ ಸುಣ್ಣದ ಹರಳುಗಳಲ್ಲಿ ಸ್ವಲ್ಪ ಜೇಡಿಯ ಅಂಶವೂ ಇರುವುದರಿಂದ ಅವುಗಳ ಸುಣ್ಣ ತೇವದಲ್ಲೂ ಗಟ್ಟಿಯಾಗುವ ಗುಣವನ್ನು ಪಡೆದಿರುತ್ತದೆ. ಬೆಲ್ಲಕ್ಕೆ ಜಿಲ್ಲೆಯಲ್ಲಿ ಆಲೆಮನೆಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಸಂಗ್ರಹಿಸುತ್ತ ಬಂದಿರುವ ಕಿರು ಅರಣ್ಯ ಉತ್ಪನ್ನಗಳಲ್ಲಿ ಅಳಲೆಯೂ ಒಂದು.

ಸಿಮೆಂಟು ಬಂದ ಮೇಲೆ ಗಾರೆಯ ಗಾಣಗಳು ನಿಂತುಹೋದವು. ಸುಣ್ಣದ ಗಾರೆ ಉಸಿರಾಡುವ ವಸ್ತು. ಗೋಡೆಯೊಳಗೆ ಸೇರಿದ ತೇವ ಅದರ ಸೂಕ್ಷ್ಮ ರಂಧ್ರಗಳ ಮೂಲಕ ಹೊರಗೆ ಆರಿಹೋಗುತ್ತದೆ. ಸಿಮೆಂಟಿನ ಲೇಪ ಆ ದಾರಿಯನ್ನು ಮುಚ್ಚುವುದರಿಂದ ತೇವ ಒಳಗೇ ಉಳಿದು, ಅದರಲ್ಲಿ ಕರಗಿದ ಉಪ್ಪು ಇಟ್ಟಿಗೆಯ ಒಡಲಲ್ಲಿ ಹರಳುಗಟ್ಟಿ, ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಭಕ್ತಿಯಿಂದ ಚಂದಾ ಎತ್ತಿ ಗೋಪುರಕ್ಕೆ ಸಿಮೆಂಟು ಮೆತ್ತಿಸಿ, ಮೇಲೆ ಹೊಳೆಯುವ ಬಣ್ಣ ಬಳಿಸಿದ ಊರಿನವರು ತಮ್ಮ ಗುಡಿಗೆ ಅಪಕಾರ ಮಾಡಿದ್ದೇವೆಂದು ಎಣಿಸಿರಲಾರರು; ಅವರಿಗೆ ಬೇರೆ ದಾರಿಯನ್ನು ತೋರಿಸಿದವರೂ ಕಡಮೆ. ಈ ತಪ್ಪು ಹಳ್ಳಿಗಳಿಗೆ ಮಾತ್ರ ಮೀಸಲಲ್ಲ. ದೆಹಲಿಯ ಹುಮಾಯೂನನ ಸಮಾಧಿಯಲ್ಲಿ 2007ರಿಂದ 2013ರವರೆಗೆ ಆಗಾ ಖಾನ್ ಟ್ರಸ್ಟ್ ನಡೆಸಿದ ಸಂರಕ್ಷಣೆಯಲ್ಲಿ, ಇಪ್ಪತ್ತನೆಯ ಶತಮಾನದ ದುರಸ್ತಿಗಾರರು ತಾರಸಿಯ ಮೇಲೆ ಸುರಿದಿದ್ದ ಹತ್ತು ಲಕ್ಷ ಕಿಲೋಗೂ ಮಿಕ್ಕಿದ ಕಾಂಕ್ರೀಟನ್ನು ತೆಗೆಯಬೇಕಾಯಿತು. ಅಲ್ಲಿ ಹೆಂಚಿನ ಮೆರುಗಿನ ಕೆಲಸಕ್ಕೆ ಉಜ್ಬೆಕಿಸ್ತಾನದ ಕುಶಲಿಗಳನ್ನು ಕರೆಸಿ, ಪಕ್ಕದ ನಿಜಾಮುದ್ದೀನ್ ಬಸ್ತಿಯ ಯುವಕರಿಗೇ ಆ ವಿದ್ಯೆಯನ್ನು ಕಲಿಸಿದ್ದು ಸಂರಕ್ಷಣೆ ಮತ್ತು ತರಬೇತಿ ಜೊತೆಗೂಡಿದ ಒಳ್ಳೆಯ ಮಾದರಿ.

ಕರ್ನಾಟಕದಲ್ಲಿ ಊರಿನವರನ್ನು ಪಾಲುದಾರರನ್ನಾಗಿ ಮಾಡಿಕೊಂಡ ವ್ಯವಸ್ಥೆಗಳಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟಿನದು ದೊಡ್ಡದು. 1991ರಲ್ಲಿ ಆರಂಭವಾದ ಈ ಟ್ರಸ್ಟ್ ರಾಜ್ಯ ಸರಕಾರದೊಡನೆ ಸೇರಿ ನಡೆಸುವ ಕೆಲಸಗಳಲ್ಲಿ ಖರ್ಚಿನ ಶೇ. 40ನ್ನು ಸರಕಾರ, ಶೇ. 40ನ್ನು ಟ್ರಸ್ಟ್, ಉಳಿದ ಶೇ. 20ನ್ನು ಊರಿನವರು ಭರಿಸುವ ಸೂತ್ರವಿದೆ. ಆ ಇಪ್ಪತ್ತು ಪಾಲು ಹಣದ ಲೆಕ್ಕದಲ್ಲಿ ಚಿಕ್ಕದೆನಿಸಿದರೂ ಅದರ ಪರಿಣಾಮ ಚಿಕ್ಕದಲ್ಲ. ವಂತಿಗೆ ಕೊಟ್ಟವನು ಕೆಲಸ ನೋಡಲು ಬರುತ್ತಾನೆ, ಬಂದವನು ಪ್ರಶ್ನೆ ಕೇಳುತ್ತಾನೆ. ಆದರೆ ಈ ಸೂತ್ರವು ಕಟ್ಟಡವನ್ನು ಎತ್ತಿ ನಿಲ್ಲಿಸುವ ಖರ್ಚಿಗೆ ಸಂಬಂಧಿಸಿದ್ದು, ಆಮೇಲಿನ ಇಪ್ಪತ್ತು ವರ್ಷದ ಆರೈಕೆಗೆ ಯಾರ ಪಾಲು ಎಷ್ಟೆಂಬುದು ಅದರಾಚೆಯ ಪ್ರಶ್ನೆ.

ತರಬೇತಿಯ ವಿಷಯಕ್ಕೆ ಬಂದರೆ ಈ ಜಿಲ್ಲೆಯ ಸ್ಥಿತಿ ಕೊಂಚ ವಿಚಿತ್ರ. ಚಾಮರಾಜನಗರದ ಕರಿಕಲ್ಲು ಜಗತ್ತಿನ ಮಾರುಕಟ್ಟೆಯಲ್ಲಿ ಹೆಸರುಮಾಡಿದ್ದು, ವಿದೇಶಗಳಲ್ಲಿ ಸಮಾಧಿಫಲಕಗಳಿಗೂ ಸ್ಮಾರಕಗಳಿಗೂ ಬಳಕೆಯಾಗುತ್ತದೆ. ಇಲ್ಲಿಯ ಯುವಕರು ಕ್ವಾರಿಗಳಲ್ಲಿ ಕಲ್ಲಿನ ನಡುವೆಯೇ ದುಡಿಯುತ್ತಾರೆ. ಆದರೆ ಅದು ಯಂತ್ರದಲ್ಲಿ ಸೀಳಿ ದಿಮ್ಮಿ ಸಾಗಿಸುವ ಕೆಲಸ. ಉಳಿ ಹಿಡಿಯುವುದಾಗಲಿ ಕಲ್ಲಿನ ಸಂದಿಗೆ ಸುಣ್ಣ ತುಂಬುವುದಾಗಲಿ ಅಲ್ಲಿ ಕಲಿಯಲು ಸಿಗದು. ಶಾಲಾಮಕ್ಕಳಲ್ಲಿ ಪರಂಪರೆಯ ಅರಿವು ಮೂಡಿಸಲು ರಾಜ್ಯ ಪುರಾತತ್ತ್ವ ಇಲಾಖೆ ‘ಪ್ರಾಚ್ಯಪ್ರಜ್ಞೆ’ ಎಂಬ ಕಾರ್ಯಕ್ರಮವನ್ನು ನಡೆಸುತ್ತದೆ. ಕಾರ್ಕಳದ ಬಳಿಯ ಮಿಯಾರಿನಲ್ಲಿರುವ, ಕೆನರಾ ಬ್ಯಾಂಕಿನ ಆಸರೆಯ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆ ಕಲ್ಲು, ಮರ, ಲೋಹಗಳ ಶಿಲ್ಪವನ್ನು ಉಚಿತವಾಗಿ ಕಲಿಸುತ್ತ ಬಂದಿದೆ. ಮೊದಲನೆಯದು ಅರಿವು, ಎರಡನೆಯದು ಹೊಸ ವಿಗ್ರಹ ಕಡೆಯುವ ವಿದ್ಯೆ. ಸಂರಕ್ಷಣೆಗೆ ಬೇಕಾದ್ದು ಇವೆರಡರ ನಡುವಿನದು: ಹಳೆಯ ಗಾರೆಯನ್ನು ಬೆರಳಿಂದ ತಟ್ಟಿ ಟೊಳ್ಳು ಸದ್ದನ್ನು ಗುರುತಿಸುವುದು, ಅರಳಿಯ ಸಸಿಯನ್ನು ಗೋಡೆ ಸೀಳದಂತೆ ಬೇರುಸಹಿತ ತೆಗೆಯುವುದು, ಸರಿಪಡಿಸಬಾರದ್ದನ್ನು ಹಾಗೆಯೇ ಬಿಡುವುದು. ಈ ಕೊನೆಯದನ್ನು ಕಲಿಸುವುದೇ ಕಷ್ಟ. ಮುರಿದ ಮೂಗಿಗೆ ಹೊಸ ಮೂಗು ಅಂಟಿಸುವ ಉತ್ಸಾಹ ಹೊಸದಾಗಿ ಕಲಿತವರಲ್ಲಿ ಸಹಜವಾಗಿ ಹೆಚ್ಚು.

ಹೀಗಿರುವಾಗ ಎರಡು ಮೂರು ವರ್ಷದ ಅವಧಿಗೆ ರೂಪಿಸಿದ ಯಾವುದೇ ಸಂರಕ್ಷಣಾ ಯೋಜನೆಯ ನಿಜವಾದ ಪರೀಕ್ಷೆ ಸಾರುವೆ, ಎಂದರೆ ಕಟ್ಟಡದ ಸುತ್ತ ಕೆಲಸಗಾರರು ನಿಲ್ಲಲು ಕಟ್ಟಿದ ಮರಗಳ ಅಟ್ಟಣೆ, ಬಿಚ್ಚಿದ ಮೇಲೆ ಆರಂಭವಾಗುತ್ತದೆ. ಸಮಾರೋಪದ ದಿನ ಶಾಲು, ಹಾರ, ಪ್ರಮಾಣಪತ್ರಗಳು ಹಂಚಿಹೋಗುತ್ತವೆ. ಮರುವಾರ ತರಬೇತಿ ಪಡೆದ ಯುವಕರು ಬೆಂಗಳೂರಿನ ಬಸ್ಸು ಹಿಡಿಯುತ್ತಾರೆ, ಇಲ್ಲವೆ ಗುಂಡ್ಲುಪೇಟೆಯ ಚೆಂಡುಹೂವಿನ ಹೊಲಗಳಿಗೆ ಹಿಂದಿರುಗುತ್ತಾರೆ. ಅದಕ್ಕಾಗಿ ಅವರನ್ನು ದೂರುವಂತಿಲ್ಲ, ಏಕೆಂದರೆ ಸುಣ್ಣದ ಕೆಲಸಕ್ಕೆ ವರ್ಷವಿಡೀ ಕೂಲಿ ಕೊಡುವವರು ತಾಲ್ಲೂಕಿನಲ್ಲಿ ಇಲ್ಲ. ಆನೆಗೊಂದಿಯಲ್ಲಿ ಕಿಷ್ಕಿಂಧಾ ಟ್ರಸ್ಟ್ ಈ ತೊಡಕನ್ನು ಬೇರೆ ಬಗೆಯಲ್ಲಿ ಬಿಡಿಸಲು ಯತ್ನಿಸಿತು. ಹಳೆಯ ಮನೆಗಳ ದುರಸ್ತಿಯ ಜೊತೆಗೆ ಬಾಳೆನಾರಿನ ಕರಕುಶಲ, ಪ್ರವಾಸಿಗಳ ವಸತಿ ಮುಂತಾದ ಆದಾಯದ ಮೂಲಗಳನ್ನು ಊರಿನಲ್ಲೇ ಬೆಳೆಸಿದ್ದರಿಂದ ಅಲ್ಲಿ ಪರಂಪರೆಯ ಕೆಲಸ ಒಂದು ಅನುದಾನದ ಅವಧಿಗೆ ಕಟ್ಟುಬೀಳಲಿಲ್ಲ. ಆದರೆ ಹಂಪಿಯ ನೆರೆಯಲ್ಲಿರುವ ಆ ಊರಿಗೆ ದಕ್ಕಿದ ಪ್ರವಾಸಿಗಳು ತೆರಕಣಾಂಬಿಗೆ ದಕ್ಕುವುದು ಕಷ್ಟ. ಊಟಿಗೂ ಬಂಡೀಪುರಕ್ಕೂ ಹೋಗುವ ವಾಹನಗಳು ಗುಂಡ್ಲುಪೇಟೆಯಲ್ಲಿ ನಿಲ್ಲುವುದು ಊಟಕ್ಕೆ ಮಾತ್ರ.

ಆದಕಾರಣ ಇಲ್ಲಿಗೆ ಒಪ್ಪುವ ಮುಕ್ತಾಯವು ಇನ್ನೂ ಸಣ್ಣ ಪ್ರಮಾಣದ್ದಾಗಿರಬೇಕಾಗುತ್ತದೆ. ಎಲ್ಲಿ ಯಾವ ಪಾಕದ ಗಾರೆಯನ್ನು ಎಂದು ಬಳಿಯಲಾಯಿತೆಂಬ ದಾಖಲೆಯ ಒಂದು ಪ್ರತಿ, ಇಲಾಖೆಯ ಕಡತದಲ್ಲಷ್ಟೇ ಅಲ್ಲದೆ, ಕನ್ನಡದಲ್ಲಿ ಗ್ರಾಮ ಪಂಚಾಯಿತಿಯಲ್ಲೂ ಇರಬೇಕು. ಅರಳಿದ ಸುಣ್ಣದ ಗುಂಡಿಯೊಂದನ್ನು ಮುಚ್ಚದೆ ಊರಿಗೆ ಬಿಟ್ಟುಕೊಡಬೇಕು. ಮುಂಗಾರಿಗೆ ಮೊದಲು ತಾರಸಿಯ ಗಿಡಗಂಟಿ ಕಿತ್ತು ನೀರಿನ ದೋಣಿಗಳನ್ನು ಬಿಡಿಸುವ ಕೆಲಸಕ್ಕೆ ತರಬೇತಾದ ಇಬ್ಬರಿಗಾದರೂ ವರ್ಷಕ್ಕೆ ಕೆಲವು ದಿನದ ಕೂಲಿಯನ್ನು ಯೋಜನೆಯ ಹಣದಿಂದಲೇ ಠೇವಣಿಯಾಗಿ ಇರಿಸಬೇಕು. ಕಟ್ಟಡ ಬೀಳುವುದು ಬಹುಮಟ್ಟಿಗೆ ನೀರು ನಿಂತದ್ದರಿಂದ. ಆ ನೀರು ಹೋಗಲು ತಜ್ಞರು ಬೇಕಿಲ್ಲ.

ಇಂಥ ಏರ್ಪಾಡು ಈ ನಾಡಿಗೆ ಹೊಸದೂ ಅಲ್ಲ. ಹನ್ನೆರಡು ವರ್ಷಕ್ಕೊಮ್ಮೆ ಕುಂಭಾಭಿಷೇಕ ನಡೆಸಿ, ಅದಕ್ಕೆ ಮುಂಚೆ ಗೋಪುರಕ್ಕೆ ಸಾರುವೆ ಕಟ್ಟಿ ಗಾರೆಯ ಬೊಂಬೆಗಳನ್ನು ತಿದ್ದುವ ಸಂಪ್ರದಾಯವು ತನ್ನೊಳಗೆ ತರಬೇತಿಯ ಲೆಕ್ಕವನ್ನೂ ಇರಿಸಿಕೊಂಡಿತ್ತು. ಹದಿನೆಂಟರ ವಯಸ್ಸಿನಲ್ಲಿ ಸುಣ್ಣ ಹೊತ್ತ ಹುಡುಗ ಮುಂದಿನ ಕುಂಭಾಭಿಷೇಕದ ಹೊತ್ತಿಗೆ ಮೂವತ್ತರ ಕೆಲಸಗಾರನಾಗಿ ಕರಣೆ ಹಿಡಿಯುತ್ತಿದ್ದ, ಅದರ ಮುಂದಿನದಕ್ಕೆ ನಲವತ್ತೆರಡರ ಮೇಸ್ತ್ರಿಯಾಗಿ ಇನ್ನೊಬ್ಬ ಹುಡುಗನನ್ನು ಮೇಲೆ ಹತ್ತಿಸುತ್ತಿದ್ದ. ಊರಿನವರ ಒತ್ತಾಸೆಯೂ ಕಡಮೆಯೇನಿಲ್ಲ: 2017ರಲ್ಲಿ ಕಿಡಿಗೇಡಿಯೊಬ್ಬನ ಕೃತ್ಯದಿಂದ ಚಾಮರಾಜೇಶ್ವರನ ತೇರು ಬೆಂಕಿಗೆ ಸಿಕ್ಕಿ, ನವದಂಪತಿಗಳು ಹಣ್ಣುಜವನ ಎಸೆಯುವ ಆಷಾಢದ ರಥೋತ್ಸವ ನಿಂತುಹೋದಾಗ, ಹೊಸ ತೇರಿಗಾಗಿ ಪಟ್ಟಣ ಒತ್ತಾಯಿಸುತ್ತಲೇ ಇದ್ದು, 2022ರಲ್ಲಿ ಅದನ್ನು ಬೀದಿಗೆ ಇಳಿಸಿಕೊಂಡಿತು. ತೇರಿಗೆ ದೊರೆತ ಆ ಹಟ ಸಿ ವರ್ಗದ ಗುಡಿಯೊಂದರ ತಾರಸಿಗೂ ದೊರೆಯಬೇಕಾದರೆ, ಹಸ್ತಾಂತರದ ಪತ್ರದಲ್ಲಿ ಮುಂದಿನ ಸಾರುವೆಯ ವರ್ಷವನ್ನೂ, ಅದಕ್ಕಾಗಿ ಸುಣ್ಣ ಅರಳಿಸಿಡಬೇಕಾದ ತಿಂಗಳನ್ನೂ, ಆ ಕೆಲಸಕ್ಕೆ ಕರೆಯಬೇಕಾದ ಊರಿನ ಕೆಲಸಗಾರರ ಹೆಸರುಗಳನ್ನೂ ನಮೂದಿಸಿಯೇ ಯೋಜನೆಯವರು ಊರು ಬಿಡಬೇಕಾಗುತ್ತದೆ.