ಲಿನಕ್ಸ್: ಹೊಸತು ಸರಿ, ನಂಬಬಹುದೇ?

ನಾಳೆ ಪ್ರಾಜೆಕ್ಟ್ ವರದಿ ಕೊಡಬೇಕು. ರಾತ್ರಿ ಕಂಪ್ಯೂಟರ್ ಪರದೆ ನಿಂತುಹೋದರೆ ಬರೆದದ್ದು ಉಳಿಯುತ್ತದೆಯೇ? ಲಿನಕ್ಸ್ ಬಳಸಹೊರಟ ವಿದ್ಯಾರ್ಥಿ ಕೇಳಬೇಕಾದ ಮೊದಲ ಪ್ರಶ್ನೆ ಇದು.

ಲಿನಕ್ಸ್‌ನಲ್ಲಿ ಪರದೆಯ ಮೇಲೆ ವಿಂಡೋಗಳನ್ನು ಮೂಡಿಸುತ್ತಿದ್ದುದು 1987ರ ಎಕ್ಸ್11 ವ್ಯವಸ್ಥೆ. ಅದರಲ್ಲಿ ನೀವು ಟೈಪಿಸುವ ಪಾಸ್‌ವರ್ಡನ್ನು ಬೇರೊಂದು ಆ್ಯಪ್ ಕದ್ದು ನೋಡಬಹುದು. 2008ರಲ್ಲಿ ಶುರುವಾದ ವೇಲ್ಯಾಂಡ್ ಇದಕ್ಕೆ ತಡೆ ಹಾಕಿತು. ಜನಪ್ರಿಯ ಲಿನಕ್ಸ್ ಆದ ಉಬುಂಟು 2017ರ ಅಕ್ಟೋಬರ್‌ನಲ್ಲಿ ಅದನ್ನೇ ಅಳವಡಿಸಿಕೊಂಡಿತು.

ಆದರೆ ಸ್ಕ್ರೀನ್ ಹಂಚಿಕೆ ಕೈಕೊಡುತ್ತಿತ್ತು. ಡೆಸ್ಕ್‌ಟಾಪ್ ನಡೆಸುವ ಗ್ನೋಮ್ ಶೆಲ್ ಕುಸಿದರೆ, ತೆರೆದಿದ್ದ ಆ್ಯಪ್‌ಗಳೆಲ್ಲ ಮುಚ್ಚಿ, ಸೇವ್ ಮಾಡದ ಕೆಲಸ ಹೋಗುತ್ತಿತ್ತು. ಎಕ್ಸ್11ನಲ್ಲಾದರೆ ಶೆಲ್ ಮಾತ್ರ ಮತ್ತೆ ಶುರುವಾಗಿ ಆ್ಯಪ್‌ಗಳು ಉಳಿಯುತ್ತಿದ್ದವು. ಹೀಗಾಗಿ ದೀರ್ಘಕಾಲದ ಬೆಂಬಲವಿರುವ 18.04 ಆವೃತ್ತಿಯಲ್ಲಿ ಉಬುಂಟು ಹಳೆಯದಕ್ಕೇ ಮರಳಿತು. ವೇಲ್ಯಾಂಡ್ ಪಕ್ವವಾದ ಮೇಲೆ, 2021ರಲ್ಲಿ, ಮತ್ತೆ ಕರೆತಂದಿತು.

ಕಾಲೇಜಿನ ಕೆಲಸಕ್ಕೆ ಲಿನಕ್ಸ್ ಹಾಕಿಕೊಳ್ಳುವುದಾದರೆ ಇಂಥ ಎಲ್‌ಟಿಎಸ್ ಆವೃತ್ತಿಯನ್ನೇ ಆರಿಸಿ. ಹೊಸ ಆವೃತ್ತಿಯ ಪ್ರಯೋಗ ರಜೆಯಲ್ಲಿರಲಿ.