ಹೀರೋ ಇಲ್ಲ, ಫೈಟ್ ಇಲ್ಲ... ಆದ್ರೂ 'ಮಾಲ್ಗುಡಿ' ಮರೆಯೋಕಾಗಲ್ಲ!

ಸೀರಿಯಲ್ ಅಂದ್ರೆ ಅಮ್ಮಂದಿರ ಸಾಮ್ರಾಜ್ಯ, ನಮಗ್ಯಾಕೆ ಅದರ ಉಸಾಬರಿ ಎಂದು ಮೂಗು ಮುರಿಯುವ ಹುಡುಗರೇ ನಮ್ಮಲ್ಲಿ ಹೆಚ್ಚು. ಫಸ್ಟ್ ಡೇ ಫಸ್ಟ್ ಷೋಗೆ ಕ್ಯೂ ನಿಂತು, ಸ್ಕ್ರೀನ್ ಮೇಲೆ ಹೂವು ಎರಚುವ ಗಂಡುಗಲಿಗಳಿಗೆ ಕಿರುತೆರೆಯ ಮಾತೆತ್ತಿದರೆ ಆಕಳಿಕೆ! ಆದರೆ ಸ್ವಲ್ಪ ತಾಳಿ ಸ್ವಾಮೀ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ನಿಂತು, "ನಿಮಗೆ ತುಂಬ ಇಷ್ಟವಾದ ಸೀರಿಯಲ್ ಯಾವುದಣ್ಣ?" ಎಂದು ಕೇಳಿ ನೋಡಿ. ಐವತ್ತು ದಾಟಿದವರು 1987ರ 'ರಾಮಾಯಣ', ಅದರ ಬೆನ್ನಿಗೇ ಬಂದ 'ಮಹಾಭಾರತ' ಅಂತಾರೆ. ನಲವತ್ತರವರು ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ' ಅಂತಾರೆ, ಇಲ್ಲವೇ 'ಪಾಪ ಪಾಂಡು' ನೆನೆದು ನಗುತ್ತಾರೆ. ಇಪ್ಪತ್ತರ ಹುಡುಗರು ಮೊಬೈಲು ಎತ್ತಿ ಹಿಡಿದು ಯಾವುದೋ ದೇಶದ ವೆಬ್ ಸೀರೀಸ್ ಹೆಸರು ಹೇಳ್ತಾರೆ.

ಆದರೆ ಒಂದು ಹೆಸರಿದೆ. ಅದನ್ನು ಹೇಳಿದ ಕೂಡಲೇ ಮೂರೂ ವಯಸ್ಸಿನವರ ಮುಖ ಒಟ್ಟಿಗೇ ಅರಳುತ್ತದೆ. ಯಾರೋ ಒಬ್ಬರು ಆ ಟೈಟಲ್ ರಾಗವನ್ನು ಗುನುಗೋದಕ್ಕೇ ಶುರು ಮಾಡ್ತಾರೆ.

ಹೌದು, 'ಮಾಲ್ಗುಡಿ ಡೇಸ್'!

1986ರಲ್ಲಿ ಮೊದಲು ಬಂದ ಧಾರಾವಾಹಿ ಇದು. ಆಗ ಹುಟ್ಟಿಯೇ ಇರದವರು, ಉದಾಹರಣೆಗೆ ಈ ಲೇಖನ ಬರೆಯುತ್ತಿರುವವನು, ಇವತ್ತಿಗೂ ಅದನ್ನು ಹುಡುಕಿಕೊಂಡು ನೋಡುತ್ತಾರೆ. ಇದರಲ್ಲಿ ಹೀರೋ ಎಂಟ್ರಿ ಇಲ್ಲ, ವಿಲನ್ ಇಲ್ಲ, ಡ್ಯುಯೆಟ್ ಇಲ್ಲ, ಕ್ಲೈಮ್ಯಾಕ್ಸ್ ಫೈಟ್ ಅಂತೂ ಇಲ್ಲವೇ ಇಲ್ಲ. ಮತ್ತೆ ಏನಿದೆ ಅಂಥಾದ್ದು? ಇದೇ ಇವತ್ತಿನ ಪ್ರಶ್ನೆ.

ಆಟೋರಾಜನ ಇನ್ನೊಂದು ಮುಖ

ಶಂಕರ್‌ನಾಗ್ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಯಾರು? 1980ರ 'ಆಟೋರಾಜ'. ಕರಾಟೆ ಕಿಂಗ್. 'ಸಾಂಗ್ಲಿಯಾನ'. ಇವತ್ತಿಗೂ ರಾಜ್ಯದ ಎಷ್ಟೋ ಆಟೋ ಸ್ಟ್ಯಾಂಡುಗಳಿಗೆ ಅವರದೇ ಹೆಸರು, ಎಷ್ಟೋ ಆಟೋಗಳ ಹಿಂದೆ ಅವರದೇ ಚಿತ್ರ. ಆದರೆ ಅದೇ ಮನುಷ್ಯ ಕ್ಯಾಮೆರಾ ಹಿಂದೆ ನಿಂತಾಗ ಬೇರೆಯೇ ಆಳು! 'ಮಿಂಚಿನ ಓಟ' ನಿರ್ದೇಶಿಸಿದವರು, 'ಆಕ್ಸಿಡೆಂಟ್'ನಂಥ ಚಿತ್ರ ಕೊಟ್ಟವರು ಇವರೇ. 1978ರಲ್ಲಿ ಗಿರೀಶ್ ಕಾರ್ನಾಡರ 'ಒಂದಾನೊಂದು ಕಾಲದಲ್ಲಿ' ಚಿತ್ರದಿಂದ ಕನ್ನಡಕ್ಕೆ ಬಂದ ಈ ರಂಗಭೂಮಿ ಹುಡುಗ, ಎಂಟೇ ವರ್ಷದಲ್ಲಿ ಇಡೀ ದೇಶದ ಮನೆಮನೆಗೂ ಒಂದು ಊರನ್ನೇ ಕೊಂಡೊಯ್ದ. ಆಗ ಆತನ ವಯಸ್ಸು ಮೂವತ್ತೆರಡರ ಆಸುಪಾಸು!

ಕಥೆ ಆರ್.ಕೆ. ನಾರಾಯಣ್ ಅವರದು. ಮೈಸೂರಿನಲ್ಲಿ ಕೂತು ಇಂಗ್ಲಿಷಿನಲ್ಲಿ ಬರೆದ ಕಥೆಗಳು. 'ಸ್ವಾಮಿ ಅಂಡ್ ಫ್ರೆಂಡ್ಸ್' ಪುಸ್ತಕ ಬಂದದ್ದು 1935ರಲ್ಲಿ. ಧಾರಾವಾಹಿಯ ಮಾತು ಹಿಂದಿ, ಮೊದಲ ಕಂತುಗಳಿಗೆ ಇಂಗ್ಲಿಷ್ ಕೂಡ. ನಿರ್ಮಾಪಕ ಟಿ.ಎಸ್. ನರಸಿಂಹನ್. ಸಂಗೀತ ಎಲ್. ವೈದ್ಯನಾಥನ್. ಟೈಟಲ್‌ನಲ್ಲಿ ಬರುವ ಗೆರೆಚಿತ್ರಗಳು ನಾರಾಯಣ್ ಅವರ ತಮ್ಮ, ವ್ಯಂಗ್ಯಚಿತ್ರಗಳ ಮಾಂತ್ರಿಕ ಆರ್.ಕೆ. ಲಕ್ಷ್ಮಣ್ ಅವರದು. ಶಂಕರ್ ನಿರ್ದೇಶಿಸಿದ್ದು ಒಟ್ಟು 39 ಕಂತು.

ಇಲ್ಲೇ ಒಂದು ತಮಾಷೆ ನೋಡಿ. ಬರೆದದ್ದು ಇಂಗ್ಲಿಷ್, ಆಡಿದ್ದು ಹಿಂದಿ. ಆದರೂ ಕನ್ನಡಿಗ ಅದನ್ನು "ನಮ್ದು ಗುರೂ" ಅಂತಾನೆ! ಯಾಕೆ? ಯಾಕಂದ್ರೆ ಅಲ್ಲಿ ಕಾಣುವ ಮುಖ ನಮ್ಮವು, ಮಾಡು ನಮ್ಮದು, ಜಗುಲಿ ನಮ್ಮದು, ಸುರಿಯುವ ಮಳೆಯೂ ನಮ್ಮದೇ.

ಇಲ್ಲದ ಊರನ್ನು ಆಗುಂಬೆಯಲ್ಲಿ ಕಟ್ಟಿದರು

ಮಾಲ್ಗುಡಿ ಅನ್ನೋ ಊರು ಯಾವ ನಕ್ಷೆಯಲ್ಲೂ ಇಲ್ಲ. ಅದು ನಾರಾಯಣ್ ತಲೆಯಲ್ಲಿ ಹುಟ್ಟಿದ ಊರು. ಇಂಥ ಊರನ್ನು ತೆರೆಗೆ ತರುವುದು ಹುಡುಗಾಟವಲ್ಲ. ಇದಕ್ಕೆ ಮುಂಚೆ ಒಂದು ಪೆಟ್ಟು ಬಿದ್ದಿತ್ತು. 1965ರಲ್ಲಿ ದೇವಾನಂದ್ ಅವರ 'ಗೈಡ್' ಬಂತಲ್ಲ, ಅದೂ ನಾರಾಯಣ್ ಅವರದೇ ಕಾದಂಬರಿ. ಚಿತ್ರ ಸೂಪರ್ ಹಿಟ್. ಹಾಡುಗಳಂತೂ ಕೇಳೋದೇ ಬೇಡ. ಆದರೆ ಮಾಲ್ಗುಡಿಯನ್ನು ಎತ್ತಿಕೊಂಡು ಹೋಗಿ ರಾಜಸ್ಥಾನದ ಉದಯಪುರದಲ್ಲಿ ಇಟ್ಟಿದ್ದರು! ಕಥೆ ಬರೆದವರಿಗೇ ತಮ್ಮ ಊರು ಗುರುತು ಸಿಗಲಿಲ್ಲ. ಆ ಬೇಸರವನ್ನು ನಾರಾಯಣ್ ಮುಚ್ಚಿಡದೆ, ಒಂದು ಲೇಖನವನ್ನೇ ಬರೆದು ತೀರಿಸಿಕೊಂಡರು.

ಶಂಕರ್ ಹಾಗೆ ಮಾಡಲಿಲ್ಲ. ಶಿವಮೊಗ್ಗ ಜಿಲ್ಲೆ ತೀರ್ಥಹಳ್ಳಿ ತಾಲೂಕಿನ ಆಗುಂಬೆಗೆ ಬಂದರು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ, 'ದಕ್ಷಿಣದ ಚಿರಾಪುಂಜಿ' ಎಂದು ಹೆಸರಾದ ಊರು. ಹಂಚಿನ ಮಾಡು, ಮರದ ಕಂಬ, ಉದ್ದನೆಯ ಜಗುಲಿ... 1930ರ ದಶಕದ ಕಥೆಗೆ ಬೇಕಾದ್ದೆಲ್ಲ ಅಲ್ಲಿ ಮೊದಲೇ ಇತ್ತು. ಇಲ್ಲದ್ದನ್ನು ಕಲಾ ನಿರ್ದೇಶಕ ಜಾನ್ ದೇವರಾಜ್ ಕಟ್ಟಿದರು. ಊರಿನ 'ದೊಡ್ಡಮನೆ' ಸ್ವಾಮಿಯ ಮನೆಯಾಯಿತು. ಸೆಟ್ ಹಾಕಿ ಕಿತ್ತು ಹೋಗುವ ಶೂಟಿಂಗ್ ಅಲ್ಲ ಅದು. ಇಡೀ ಊರಿಗೆ ಊರೇ ಮಾಲ್ಗುಡಿಯಾಗಿ ಹೋಯಿತು!

ರೈಲಿನ ದೃಶ್ಯಕ್ಕೆ ಆಗುಂಬೆಯಲ್ಲಿ ರೈಲೆಲ್ಲಿ? ಅದಕ್ಕೆ ಹೊಸನಗರ ತಾಲೂಕಿನ ಅರಸಾಳು ಸ್ಟೇಷನ್ ಹಿಡಿದರು. ಕಾಡಿನ ನಡುವೆ ಪುಟ್ಟ ನಿಲ್ದಾಣ. ಆ ಸ್ಟೇಷನ್ ವಿಷಯಕ್ಕೆ ಕೊನೆಗೆ ಬರ್ತೀನಿ.

ಸಾಹಸಸಿಂಹನೇ ಗುಮಾಸ್ತ!

ಈಗ ಅಭಿಮಾನಿ ಮಿತ್ರರಿಗೆ ಬೇಕಾದ ವಿಷಯ, ತಾರಾಗಣ! ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಅಪ್ಪನಾಗಿ ಗಿರೀಶ್ ಕಾರ್ನಾಡ್, ಅಮ್ಮನಾಗಿ ವೈಶಾಲಿ ಕಾಸರವಳ್ಳಿ. ಮಿಠಾಯಿ ಅಂಗಡಿಯ ಜಗನ್ ಆಗಿ ಅನಂತ್‌ನಾಗ್. ಮಗನ ಮೇಲಿನ ಮಮತೆ ಒಂದು ಕಡೆ, ಮಗ ತನ್ನ ಕೈಗೆ ಸಿಗುತ್ತಿಲ್ಲವೆಂಬ ಸಂಕಟ ಇನ್ನೊಂದು ಕಡೆ... ಅನಂತ್ ಅದನ್ನು ಕಣ್ಣಲ್ಲೇ ಆಡಿಬಿಡುತ್ತಾರೆ.

ಆದರೆ ನನ್ನನ್ನು ಕೇಳಿದರೆ ಎಲ್ಲಕ್ಕಿಂತ ದೊಡ್ಡ ಅಚ್ಚರಿ ವಿಷ್ಣುವರ್ಧನ್. 1972ರ 'ನಾಗರಹಾವು' ರಾಮಾಚಾರಿ, ಆ ಹೊತ್ತಿಗೆ ಬಾಕ್ಸಾಫೀಸಿನ ದೊರೆ. ಅಂಥ ನಟ ಇಲ್ಲಿ ತಿಂಗಳಿಗೆ ನಲವತ್ತು ರೂಪಾಯಿ ಸಂಬಳದ ಗುಮಾಸ್ತ ವೆಂಕಟರಾವ್!

ಕಥೆ ಏನು ಗೊತ್ತಾ? ಪುಟ್ಟ ಮಗಳಿಗೆ ಬೆಳಿಗ್ಗೆ ಮಾತು ಕೊಟ್ಟಿದ್ದಾನೆ: ಇವತ್ತು ಸಂಜೆ ನಿನ್ನನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ. ಅವಳು ಒಳ್ಳೇ ಫ್ರಾಕು ಹಾಕಿಸಿಕೊಂಡು ಕಾಯ್ತಾ ಕೂತಿದ್ದಾಳೆ. ಇತ್ತ ಆಫೀಸಿನಲ್ಲಿ ಬಿಡುಗಡೆ ಇಲ್ಲ. ಮಗಳ ಮುಖ ನೆನಪಾಗಿ ರಕ್ತ ಕುದಿಯುತ್ತದೆ. ಈ ಗುಲಾಮಗಿರಿ ಸಾಕು ಅಂತ ರಾಜೀನಾಮೆ ಬರೆದೇಬಿಡ್ತಾನೆ. ನಮ್ಮ ಸಿನಿಮಾ ಆಗಿದ್ರೆ ಏನಾಗ್ತಿತ್ತು? ಕಾಗದ ಎಸೆದು, ಟೇಬಲ್ ಒದ್ದು, ಸ್ಲೋಮೋಷನ್ನಲ್ಲಿ ಹೊರಗೆ ಬರ್ತಿದ್ದ, ಥಿಯೇಟರ್ ತುಂಬ ಶಿಳ್ಳೆ! ಇಲ್ಲಿ ಆಗೋದೇ ಬೇರೆ. ಕಾಗದ ಹಿಡಿದು ನಿಂತವನಿಗೆ ಸಾಹೇಬರು ಹೇಳುತ್ತಾರೆ, ನಿನಗೆ ಐದು ರೂಪಾಯಿ ಸಂಬಳ ಜಾಸ್ತಿ ಆಗಿದೆ ಅಂತ. ಕಾಗದ ಹರಿದು ಹಾಕ್ತಾನೆ. ರಾತ್ರಿ ಮನೆಗೆ ಬಂದರೆ ಮಗಳು ಅದೇ ಫ್ರಾಕಿನಲ್ಲೇ ಮಲಗಿಬಿಟ್ಟಿದ್ದಾಳೆ.

ಅಷ್ಟೇ. ಕಥೆ ಮುಗೀತು.

ಬಸ್ ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು ಓದುತ್ತಿರುವ ನಮ್ಮಲ್ಲಿ ಎಷ್ಟು ಜನ ಆ ಐದು ರೂಪಾಯಿಗೆ ಕಾಗದ ಹರಿದವರಲ್ಲ ಹೇಳಿ? ಗಾರ್ಮೆಂಟ್ಸ್‌ನಲ್ಲಿ, ಗೋಡೌನಿನಲ್ಲಿ, ಡೆಲಿವರಿ ಬೈಕಿನ ಮೇಲೆ, "ಈ ತಿಂಗಳೇ ಬಿಟ್ಬಿಡ್ತೀನಿ" ಎಂದು ವರ್ಷಗಟ್ಟಲೆ ಹೇಳುತ್ತಾ ಇರುವವರು? ಓದು ಪಿಯುಸಿಯಲ್ಲೇ ಬಿಟ್ಟು, ಬರೆದ ಲೇಖನಕ್ಕೆ ದುಡ್ಡು ಯಾವಾಗ ಬರುತ್ತೋ ಎಂದು ಕಾಯುವ ನನ್ನಂಥವನಿಗೆ ವೆಂಕಟರಾಯ ಪಕ್ಕದ್ಮನೆ ಅಣ್ಣನ ಹಾಗೆ ಕಾಣ್ತಾನೆ. ಜನ ಇದನ್ನು ಪ್ರೀತಿಸೋದು ಸುಮ್ಮನೆ ಅಲ್ಲ ಸ್ವಾಮೀ.

ಯಾಕೆ ಇಷ್ಟ? ಲೆಕ್ಕ ಹಾಕೋಣ

ಒಂದು: ಇಲ್ಲಿ ಕೆಟ್ಟವರು ಅಂತ ಯಾರೂ ಇಲ್ಲ. 'ಮಿಸ್ಸಿಂಗ್ ಮೇಲ್' ಕಥೆಯ ಪೋಸ್ಟ್‌ಮ್ಯಾನ್ ತಾನಪ್ಪನನ್ನೇ ತಗೊಳ್ಳಿ. ಮದುವೆ ಮನೆಗೆ ಸಾವಿನ ಸುದ್ದಿ ಬಂದಿದೆ. ಕೊಟ್ಟರೆ ಮದುವೆ ನಿಲ್ಲುತ್ತದೆ, ಹುಡುಗಿಗೆ ಮತ್ತೆ ಇಂಥ ಮುಹೂರ್ತ ಸಿಗುತ್ತೋ ಇಲ್ಲವೋ. ಕಾಗದವನ್ನು ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ. ಅದು ಕಾನೂನಿಗೆ ತಪ್ಪು, ಅವನ ಕೆಲಸವೇ ಹೋಗಬಹುದು. ಅವನು ಮಾಡಿದ್ದು ಸರಿಯೋ ತಪ್ಪೋ? ಧಾರಾವಾಹಿ ತೀರ್ಪು ಕೊಡೋದಿಲ್ಲ. ಟಿವಿ ಆರಿಸಿದ ಮೇಲೆ ಮನೆಮಂದಿಯೇ ಕೂತು ವಾದ ಮಾಡಬೇಕು!

ಎರಡು: ಕಥೆ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಸ್ವಾಮಿಯ ಕಥೆ, ಮಿಠಾಯಿವಾಲನ ಕಥೆಯಂಥವು ನಾಲ್ಕಾರು ಕಂತು ಹೋದರೂ ಮಿಕ್ಕವು ಒಂದೇ ಕೂತಿನಲ್ಲಿ ಖತಂ. ನಿನ್ನೆ ನೋಡದವನೂ ಇವತ್ತು ಕೂತು ನೋಡಬಹುದು.

ಮೂರು: ಸಣ್ಣ ವಿಷಯವೇ ದೊಡ್ಡ ವಿಷಯ. ಪೇಪರಿನಲ್ಲಿ ಹುಲಿಯನ್ನು ಎದುರಿಸಿದ ಹುಡುಗನ ಸುದ್ದಿ ಬರುತ್ತದೆ. ಧೈರ್ಯವಿದ್ದರೆ ಇವತ್ತು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಅಂತ ಅಪ್ಪ ಸವಾಲು ಹಾಕ್ತಾರೆ. ಅಜ್ಜಿಯ ಮಗ್ಗುಲು ಬಿಟ್ಟು ಮಲಗದ ಸ್ವಾಮಿಗೆ ಜೀವವೇ ಬಾಯಿಗೆ ಬರುತ್ತದೆ. ಕತ್ತಲಲ್ಲಿ ಏನೋ ಸರಿದಾಡಿದಂತಾಗಿ, ಭೂತವೆಂದು ತಿಳಿದು ಕಾಲಿಗೆ ಕಚ್ಚುತ್ತಾನೆ. ಸಿಕ್ಕಿಬಿದ್ದವನು ಕಳ್ಳ! ಬೆಳಗಾಗುವಷ್ಟರಲ್ಲಿ ಸ್ವಾಮಿ ಊರಿಗೇ ಹೀರೋ. ಹೆದರಿಕೆಯಿಂದಲೇ ಹೀರೋ ಆದ ಇಂಥ ಹುಡುಗ ನಮ್ಮ ಯಾವ ಕಮರ್ಷಿಯಲ್ ಚಿತ್ರದಲ್ಲಿದ್ದಾನೆ ತೋರಿಸಿ ನೋಡೋಣ.

ನಾಲ್ಕು: ಆ ಸಂಗೀತ. ಅಕ್ಷರವೇ ಇಲ್ಲದ ರಾಗ. ಅದಕ್ಕೆ ಭಾಷೆಯ ಹಂಗಿಲ್ಲ. ಪಂಜಾಬಿನವನೂ ಗುನುಗಿದ, ಪುತ್ತೂರಿನವನೂ ಗುನುಗಿದ.

ಆಗ ಇದ್ದದ್ದು ದೂರದರ್ಶನ ಒಂದೇ, ಬೇರೆ ಗತಿ ಇಲ್ಲದೆ ಜನ ನೋಡಿದರು ಅಂತ ಕೆಲವರು ವಾದ ಮಾಡ್ತಾರೆ. ಸರಿ, ಒಪ್ಪೋಣ. 1984ರಲ್ಲಿ 'ಹಮ್ ಲೋಗ್' ಶುರುವಾದ ಮೇಲೆ ಬಂದ ಸೀರಿಯಲ್‌ಗಳು ಒಂದೇ ಎರಡೇ? ಅವುಗಳಲ್ಲಿ ಎಷ್ಟು ನಿಮಗೆ ನೆನಪಿವೆ? ಬೇರೆ ಗತಿ ಇಲ್ಲದೆ ನೋಡಿದ್ದನ್ನು ಯಾರೂ ನಲವತ್ತು ವರ್ಷ ಎದೆಯಲ್ಲಿ ಇಟ್ಟುಕೊಳ್ಳೋದಿಲ್ಲ.

ಅರ್ಧಕ್ಕೇ ನಿಂತ ಓಟ

1990ರ ಸೆಪ್ಟೆಂಬರ್ 30. ದಾವಣಗೆರೆ ಬಳಿಯ ಆನಗೋಡು. ಕಾರು ಅಪಘಾತ. ಶಂಕರ್ ಹೋಗಿಬಿಟ್ಟರು. ಮೂವತ್ತಾರು ತುಂಬಿರಲಿಲ್ಲ. ಅದಕ್ಕಿಂತ ಹೆಚ್ಚು ಬರೆಯೋದು ಬೇಡ, ಕರುಳು ಚುರ್ ಅನ್ನುತ್ತದೆ.

2006ರಲ್ಲಿ ಕವಿತಾ ಲಂಕೇಶ್ ಮತ್ತೆ 15 ಕಂತು ನಿರ್ದೇಶಿಸಿದರು. ಆದರೆ ಆ ಮೊದಲ 39ರ ಜಾಗ ಅದಕ್ಕೇ ಮೀಸಲು. 2020ರಲ್ಲಿ, ಕೊರೊನಾ ಲಾಕ್‌ಡೌನ್ ದಿನಗಳಲ್ಲಿ, ಮಾಲ್ಗುಡಿ ಕೊನೆಗೂ ಕನ್ನಡಕ್ಕೆ ಡಬ್ ಆಗಿ ಟಿವಿಗೆ ಬಂತು. ಕನ್ನಡಿಗರು ಮಾಡಿದ್ದು ಕನ್ನಡ ಮಾತಾಡಲು ಮೂವತ್ತನಾಲ್ಕು ವರ್ಷ ಹಿಡೀತು ನೋಡಿ!

ಅದೇ ವರ್ಷ ಆ ಅರಸಾಳು ಸ್ಟೇಷನ್ನಿಗೂ ಯೋಗ ಬಂತು. ಹಳೆಯ ಕಟ್ಟಡವನ್ನು ರೈಲ್ವೆಯವರು 'ಮಾಲ್ಗುಡಿ' ಮ್ಯೂಸಿಯಂ ಮಾಡಿದರು. ಅದನ್ನು ಸಿಂಗರಿಸಿದವರು ಯಾರು? ಅದೇ ಜಾನ್ ದೇವರಾಜ್! ಕಥೆಗಾರನ ತಲೆಯಲ್ಲಿದ್ದ ಊರಿಗೆ ಕೊನೆಗೆ ಒಂದು ವಿಳಾಸ ಸಿಕ್ಕಿತು.

ಈಗಿನ ದಿನಾ ಬರುವ ಧಾರಾವಾಹಿಗಳವರನ್ನು ಬಯ್ಯೋದು ಸುಲಭ. ಆದರೆ ಅವರ ಕಷ್ಟವೂ ಕಷ್ಟವೇ. ದಿನಕ್ಕೊಂದು ಕಂತು ಕೊಡಬೇಕು, ವಾರವಾರ ರೇಟಿಂಗ್ ನೋಡಬೇಕು. ಕಥೆ ಮುಗಿಸಿದರೆ ನೂರಾರು ಜನರ ಕೂಲಿಯೇ ನಿಲ್ಲುತ್ತದೆ. ಹಾಗಾಗಿ ಕಥೆ ಮುಗಿಯೋದೇ ಇಲ್ಲ! ಅವರನ್ನು ದೂರುವ ಬದಲು ಕೇಳಬೇಕಾದ್ದು ಬೇರೆ ಇದೆ. ವಾರಕ್ಕೊಂದು ದಿನ, ಅರ್ಧ ಗಂಟೆ, ನಮ್ಮ ಕನ್ನಡದ ಒಂದು ಸಣ್ಣ ಕಥೆ. ಮಾಸ್ತಿಯವರಿಂದ ತೇಜಸ್ವಿಯವರವರೆಗೆ ಕಥೆಗೆ ನಮ್ಮಲ್ಲಿ ಬರವೇ? ಮಳೆಗೆ ಬರವೇ? ನಟರಿಗೆ ಬರವೇ?

ಕೊಡುವ ಚಾನೆಲ್ ಬಂದರೆ ನೋಡೋ ಹುಡುಗರು ಇದ್ದಾರಾ ಅನ್ನೋದು ಮುಂದಿನ ಪ್ರಶ್ನೆ. ಅದಕ್ಕೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಇವತ್ತು ರಾತ್ರಿ ಮನೆಗೆ ಹೋಗಿ ವಿಷ್ಣು ಗುಮಾಸ್ತನಾದ ಆ ಕಂತು ಹುಡುಕಿ ನೋಡಿ. ನೋಡಿದ ಮೇಲೂ "ಸೀರಿಯಲ್ ನಮಗಲ್ಲ" ಅಂದ್ರೆ, ಮುಂದಿನ ವಾರ ಇದೇ ಬಸ್ ಸ್ಟ್ಯಾಂಡಿನಲ್ಲಿ ಟೀ ಖರ್ಚು ನನ್ನದು!